ಅಂಗಳಕ್ಕೊಂದು ಹಲಸಿನ ಮೇಜು

ದೀಪಾವಳಿ ಮುಗಿದ ಮೇಲೆ ಅಂಗಳದ ಮೇಜನ್ನು ಅಡ್ಡ ಮಲಗಿಸಿ, ನಾಲ್ಕೂ ಕಾಲಿನ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಎಲ್ಲೂ ಮೆತ್ತಗಾಗಿಲ್ಲ. ಎರಡು ಮಳೆಗಾಲ ಪೂರ್ತಿ ಹೊರಗೇ ಇದ್ದ ಮೇಜು ಇದು. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಳ ಪಾಚಿ ಕಟ್ಟಿ ಜಾರುತ್ತದೆ, ಓಡಾಡೋಕೆ ಅಡಕೆ ದಬ್ಬೆ ಹಾಸಿಕೊಳ್ಳುತ್ತೇವೆ. ಇಂಥ ಕಡೆ ಮರದ ಮೇಜನ್ನು ಹೊರಗಿಡುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಒಪ್ಪದಿರಲು ಕಾರಣವೂ ಇತ್ತು.

2016ರಲ್ಲಿ ನಾನೇ ಒಂದು ಮೇಜು ಮಾಡಿದ್ದೆ. ಸಿಲ್ವರ್ ಓಕ್ ಹಲಗೆ. ಹಲಗೆಗಳನ್ನು ಅಂಚಿಗೆ ಅಂಚು ಕೂರಿಸಿ, ಅಂಟು ಹಾಕಿ, ಸಂದಿಯೇ ಕಾಣದ ಹಾಗೆ ಒಂದೇ ಹಾಳೆಯಂತೆ ಮಾಡಿ, ಸುತ್ತ ಸ್ಕ್ರೂ ಬಿಗಿದು, ಮೂರು ಕೋಟ್ ವಾರ್ನಿಶ್ ಹೊಡೆದಿದ್ದೆ. ಬಹಳ ಚೆನ್ನಾಗಿ ಕಾಣುತ್ತಿತ್ತು. ಏಪ್ರಿಲ್ ಬಿಸಿಲಿಗೆ ಎರಡು ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಜೂನ್‌ನಲ್ಲಿ ಆ ಬಿರುಕಿನಿಂದ ನೀರು ಒಳಗೆ ಹೋಯಿತು. ಹೋದ ನೀರು ಹೊರಗೆ ಬರೋಕೆ ವಾರ್ನಿಶ್ ಬಿಡಲಿಲ್ಲ. ನವರಾತ್ರಿ ಹೊತ್ತಿಗೆ ವಾರ್ನಿಶ್ ಅಡಿಯಲ್ಲೇ ಮರ ಕಪ್ಪಾಗಿತ್ತು, ದೀಪಾವಳಿಗೆ ಅಂಚಿನಲ್ಲಿ ಅಣಬೆ ಎದ್ದಿತ್ತು. ಕಾಲುಗಳು ನೇರವಾಗಿ ಮಣ್ಣಿನ ಮೇಲೇ ನಿಂತಿದ್ದವಲ್ಲ, ಬುಡದಿಂದ ಎರಡು ಇಂಚು ಕುಂಬಾಗಿ ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. ಮೇಜು ಬಚ್ಚಲು ಒಲೆಗೆ ಹೋಯಿತು. ಅವತ್ತು ನಿಜವಾಗಿ ಬೇಜಾರಾಗಿತ್ತು.

ಆಮೇಲೆ ಒಂದು ದಿನ ಹಿತ್ತಿಲ ದಣಪೆಯ (ಗೇಟಿನ) ಕಂಬ ನೋಡಿದೆ. ಎಷ್ಟೋ ವರ್ಷದಿಂದ ಅಲ್ಲೇ ನಿಂತಿದೆ. ಬಣ್ಣ ಇಲ್ಲ, ಎಣ್ಣೆ ಇಲ್ಲ, ತಲೆ ಮೇಲೆ ಒಂದು ಸೋಗೆ ಕೂಡ ಇಲ್ಲ. ಮಳೆಯೆಲ್ಲ ಅದರ ಮೇಲೇ ಬೀಳುತ್ತದೆ. ಆದರೂ ಗಟ್ಟಿ. ಹಾಳಾಗಿದ್ದು ಒಂದೇ ಕಡೆ, ಮಣ್ಣಿನ ಮಟ್ಟದಲ್ಲಿ, ಎಲ್ಲಿ ಸದಾ ಪಸೆ ಇರುತ್ತದೋ ಅಲ್ಲಿ. ಆಗ ಹೊಳೆಯಿತು. ಮರಕ್ಕೆ ನೀರು ತಾಗುವುದು ದೊಡ್ಡ ತೊಂದರೆ ಅಲ್ಲ. ನೀರು ನಿಲ್ಲುವುದು ತೊಂದರೆ. ನಾನು ಮೊದಲ ಮೇಜಿನಲ್ಲಿ ಪಟ್ಟ ಶ್ರಮವೆಲ್ಲ ನೀರು ತಾಗದಂತೆ ಮಾಡೋಕೆ ಹೋಗಿತ್ತು. ಹರಿದು ಹೋಗೋಕೆ ದಾರಿಯನ್ನೇ ಬಿಟ್ಟಿರಲಿಲ್ಲ.

ಎರಡನೇ ಮೇಜು ಶುರುವಾಗಿದ್ದು ಒಂದು ಮರ ಬಿದ್ದಿದ್ದರಿಂದ. ಕೊಟ್ಟಿಗೆ ಪಕ್ಕ ಬಕ್ಕೆ ಹಲಸಿನ ಮರ ಇತ್ತು, ಅಜ್ಜನ ಕಾಲದ್ದು. ಪ್ರತಿ ವರ್ಷ ಹಪ್ಪಳಕ್ಕೆ ಅದರ ಕಾಯಿಯೇ. 2019ರ ಆಗಸ್ಟಿನ ಮಳೆ ನೆನಪಿದೆ ಅಲ್ವಾ, ಮಲೆನಾಡಿನಲ್ಲಿ ಎಷ್ಟೋ ಕಡೆ ಗುಡ್ಡ ಕುಸಿದ ವರ್ಷ. ಆಗ ಬುಡದ ಮಣ್ಣು ಸಡಿಲಾಗಿ ಮರ ಬೇರು ಸಮೇತ ಮಗುಚಿತು. ಪುಣ್ಯಕ್ಕೆ ತೋಟದ ಕಡೆ ಬಿತ್ತು, ಕೊಟ್ಟಿಗೆ ಉಳಿಯಿತು. ಸೌದೆಗೆ ಕಡಿಸೋಣ ಅಂದರು ಅಪ್ಪ. ಅಮ್ಮ ಒಪ್ಪಲಿಲ್ಲ. "ಇಷ್ಟು ವರ್ಷ ಅದರ ಹಣ್ಣು ತಿಂದಿದೀವಿ, ಒಲೆಗೆ ಹಾಕೋದು ಬೇಡ" ಅಂದಳು. ಕಾಂಡವನ್ನು ಸಾಮಿಲ್ಲಿನಲ್ಲಿ ಕೊರೆಸಿದೆವು. ನಿಮ್ಮ ಜಮೀನಿನದೇ ಮರವಾದರೂ ಕಡಿಯುವ, ಸಾಗಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ. ಮರದ ಜಾತಿ ಮೇಲೆ ನಿಯಮ ಬೇರೆ ಬೇರೆ ಇರುತ್ತದೆ.

ಒಂದೂಕಾಲು ಇಂಚು ದಪ್ಪದ ಹಲಗೆ, ಮೂರು ಇಂಚು ಚೌಕದ ತುಂಡು, ಎಲ್ಲ ಕೊಟ್ಟಿಗೆ ಅಟ್ಟಕ್ಕೆ ಹೋದವು. ಒಂದರ ಮೇಲೊಂದು ಸುಮ್ನೆ ಪೇರಿಸಿದರೆ ನಡುವೆ ಬೂಷ್ಟು ಹಿಡಿಯುತ್ತದೆ. ಪ್ರತಿ ಸಾಲಿನ ನಡುವೆ ಎರಡು ಅಡಿಗೊಂದು ರೀಪು ಇಡಬೇಕು, ಆ ರೀಪುಗಳು ಮೇಲಿಂದ ಕೆಳಗಿನವರೆಗೆ ಒಂದೇ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಹಲಗೆ ಅಲೆಅಲೆಯಾಗಿ ಒಣಗುತ್ತದೆ. ಹಲಗೆಯ ಎರಡೂ ತುದಿಗೆ ಹಳೇ ಪೇಂಟ್ ಬಳಿದೆ, ತುದಿಯಿಂದ ಬೇಗ ಒಣಗಿ ಸೀಳದೇ ಇರಲಿ ಅಂತ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಬಡಗಿಗಳ ಲೆಕ್ಕ. ಕಾಲಿನ ತುಂಡು ಮೂರು ಇಂಚು, ಅಂದರೆ ಮೂರು ವರ್ಷ. ನಾನು ಕೆಲಸಕ್ಕೆ ಕೈ ಹಾಕಿದ್ದು 2023ರ ಫೆಬ್ರವರಿಯಲ್ಲಿ.

ಶುರು ಮಾಡುವ ಮೊದಲು ಊರಿನ ಬಡಗಿ ಆಚಾರ್ರ ಹತ್ತಿರ ಹೋಗಿ ಕೂತೆ. ನಮ್ಮ ಮನೆ ಬಾಗಿಲು ಮಾಡಿದವರ ಮಗ, ಈಗ ಅವರಿಗೂ ಅರವತ್ತು ದಾಟಿದೆ. ಕಾಗದದಲ್ಲಿ ಬರೆದುಕೊಂಡು ಹೋಗಿದ್ದ ಚಿತ್ರ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಅಲ್ಲ ಮಾರಾಯ್ರೇ, ಅಗಲಕ್ಕೆ ಜಾಗ ಎಲ್ಲಿ ಬಿಟ್ಟಿದ್ದೀರಿ?" ಅಂದರು. "ಮರ ಉದ್ದಕ್ಕೆ ಹಿಗ್ಗೂದಿಲ್ಲ. ಅಗಲಕ್ಕೆ ಹಿಗ್ಗೂದೇ. ನೀವು ಸ್ಕ್ರೂ ಹೊಡೆದು ಹಿಡಿದ್ರೆ ಅದು ನಿಲ್ತದಾ? ಸೀಳ್ತದೆ." ನನ್ನ ಮೊದಲ ಮೇಜು ಸತ್ತಿದ್ದು ಯಾಕೆ ಅಂತ ಅರ್ಧ ನಿಮಿಷದಲ್ಲಿ ಹೇಳಿಬಿಟ್ಟರು. ಅವರು ಹೇಳಿದ ಮೇಲೆ ಚಿತ್ರ ಪೂರ್ತಿ ಬದಲಾಯಿತು.

ಈಗ ಅಳತೆ. ಮೇಲ್ಭಾಗ ಐದು ಅಡಿ ಉದ್ದ, ಇಪ್ಪತ್ತೊಂಬತ್ತೂವರೆ ಇಂಚು ಅಗಲ. ಈ ಅರ್ಧ ಇಂಚಿನ ಲೆಕ್ಕ ಎಲ್ಲಿಂದ ಬಂತು ಅಂದರೆ, ನಾಲ್ಕು ಇಂಚಿನ ಏಳು ಹಲಗೆ, ಅವುಗಳ ನಡುವೆ ಕಾಲು ಇಂಚಿನ ಆರು ಸಂದಿ. ಇಪ್ಪತ್ತೆಂಟು ಪ್ಲಸ್ ಒಂದೂವರೆ. ಎತ್ತರ ಮೂವತ್ತು ಇಂಚು: ಕಾಲು ಇಪ್ಪತ್ತೇಳು ಮುಕ್ಕಾಲು, ಅದರ ಮೇಲೆ ಹಲಗೆಗಳನ್ನು ಜೋಡಿಸಿ ಹಿಡಿಯುವ ಅಡ್ಡಪಟ್ಟಿ ಒಂದೂಕಾಲು, ಅದರ ಮೇಲೆ ಕೀಸಿದ ಹಲಗೆ ಒಂದು. ಕಾಲುಗಳು ಮೂರು ಇಂಚು ಚೌಕ. ಕಾಲುಗಳನ್ನು ಹಿಡಿಯುವ ಸುತ್ತುಪಟ್ಟಿ ನಾಲ್ಕು ಇಂಚು ಅಗಲ. ಅಡ್ಡಪಟ್ಟಿ ಮೂರು, ಒಂದೊಂದೂ ಇಪ್ಪತ್ತೇಳು ಇಂಚು ಉದ್ದ, ಮೂರು ಇಂಚು ಅಗಲ.

ಮರ ಕೊಳ್ಳಬೇಕಾದವರು ಸಿಎಫ್‌ಟಿ, ಅಂದರೆ ಘನ ಅಡಿ ಲೆಕ್ಕ ಹಾಕಿಕೊಂಡೇ ಅಂಗಡಿಗೆ ಹೋಗಿ. ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ ಬರುತ್ತದೆ. ಈ ಮೇಜಿಗೆ ಕೀಸುವ ಮೊದಲಿನ ಅಳತೆಯಲ್ಲಿ ಎರಡೂವರೆಗೆ ಸ್ವಲ್ಪ ಕಡಿಮೆ ಆಗುತ್ತದೆ. ಗಂಟು, ಬಿರುಕು, ತಪ್ಪಿ ಕೊಯ್ದಿದ್ದು ಎಲ್ಲ ಸೇರಿಸಿ ಮೂರು ತನ್ನಿ. ತಿರುಳಿನ ಭಾಗವನ್ನೇ ಆರಿಸಿ. ಹೊರಗಿನ ಬಿಳಿ ಭಾಗಕ್ಕೆ ಹುಳವೂ ಬೇಗ ಬೀಳುತ್ತದೆ, ಕುಂಬೂ ಬೇಗ ಹಿಡಿಯುತ್ತದೆ, ಯಾವ ಮರವಾದರೂ ಅಷ್ಟೇ. ಹಲಸಿನಲ್ಲಿ ಇದನ್ನು ಗುರುತು ಹಿಡಿಯುವುದು ಸುಲಭ, ತಿರುಳು ಅರಿಸಿನದ ಹಾಗೆ ಹಳದಿ ಇರುತ್ತದೆ.

ಆ ಹಳದಿ ಬಗ್ಗೆ ಹೇಳಲೇಬೇಕು. ಅಟ್ಟದಲ್ಲಿ ಮೂರು ವರ್ಷ ಬಿದ್ದು ಹಲಗೆಯೆಲ್ಲ ಹೊಗೆ ಬಣ್ಣಕ್ಕೆ ತಿರುಗಿತ್ತು. ಕೀಸುಳಿ ಒಂದು ಸಲ ಓಡಿಸಿದ ಕೂಡಲೇ ಅಡಿಯಿಂದ ಹೊಳೆಯುವ ಹಳದಿ ಎದ್ದು ಬಂತು. ಸುರುಳಿ ಸುರುಳಿಯಾಗಿ ಕಾಲ ಬುಡದಲ್ಲಿ ರಾಶಿ ಬಿತ್ತು. ಕೈಯೆಲ್ಲ ಹಳದಿ, ಬನಿಯನ್ ಹಳದಿ, ಸಂಜೆ ಸ್ನಾನ ಮಾಡಿದರೆ ನೀರೂ ಹಳದಿ. ಅಮ್ಮ ಬಂದು ಒಂದು ಹಿಡಿ ಸುರುಳಿ ತೆಗೆದುಕೊಂಡು ಮೂಸಿ ನೋಡಿ ಒಳಗೆ ಹೋದಳು. ಏನೂ ಹೇಳಲಿಲ್ಲ. ವೀಣೆ, ಮೃದಂಗಕ್ಕೆ ಇದೇ ಮರ ಯಾಕೆ ಬಳಸುತ್ತಾರೆ ಅಂತ ಕೀಸುವಾಗ ಸ್ವಲ್ಪ ಅರ್ಥವಾಗುತ್ತದೆ. ತೀರಾ ಗಡಸಲ್ಲ, ಕೈಯಿಂದಲೇ ಕೆಲಸ ಮಾಡಬಹುದು, ಬೆರಳಿನಿಂದ ತಟ್ಟಿದರೆ ಸದ್ದು ತುಂಬಿಕೊಂಡು ಬರುತ್ತದೆ. ಆದರೆ ಎಳೆ ಕೆಲವು ಕಡೆ ಅಡ್ಡಾದಿಡ್ಡಿ ಓಡುತ್ತದೆ, ಒಂದು ದಿಕ್ಕಿನಿಂದ ಕೀಸಿದರೆ ನುಣುಪು, ಇನ್ನೊಂದು ದಿಕ್ಕಿನಿಂದ ಕಿತ್ತು ಬರುತ್ತದೆ. ಕಿತ್ತು ಬಂದರೆ ಹಲಗೆ ತಿರುಗಿಸಿ ಕೀಸಿ, ಒತ್ತಡ ಹಾಕಿ ಗೆಲ್ಲೋಕೆ ಹೋಗಬೇಡಿ.

ಕಟ್ಟುವ ಕೆಲಸ ಮೊದಲು ಅಡಿಯ ಚೌಕಟ್ಟಿನಿಂದ. ಕಾಲಿಗೆ ತೂತು ಕೊರೆದು ಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ ಕೂರಿಸುವ ಕೂಡು ಒಳ್ಳೆಯದು, ಅದು ನನ್ನ ಕೈಗೆ ಇನ್ನೂ ಹತ್ತಿಲ್ಲ. ಹಾಗಾಗಿ ಕಾಲಿನ ಮೇಲ್ತುದಿಯಲ್ಲಿ ಅರ್ಧ ಇಂಚು ಆಳದ ಕಚ್ಚು ತೆಗೆದು, ಅದರಲ್ಲಿ ಸುತ್ತುಪಟ್ಟಿ ಕೂರಿಸಿ, ಒಂದೊಂದು ಕಡೆಗೆ ಎರಡೆರಡು ಬೋಲ್ಟು ಹಾಕಿದೆ. ಒಟ್ಟು ಹದಿನಾರು, ನಾಲ್ಕೂವರೆ ಇಂಚು ಉದ್ದದವು. ಕಚ್ಚು ಯಾಕೆ ಬೇಕು ಅಂದರೆ, ಅದಿದ್ದರೆ ಭಾರ ಮರದ ಮೇಲೇ ಕೂರುತ್ತದೆ, ಬೋಲ್ಟಿನ ಕೆಲಸ ಬರೀ ಹಿಡಿದುಕೊಳ್ಳುವುದು. ಎರಡು ದಿಕ್ಕಿನಿಂದ ಬರುವ ಬೋಲ್ಟುಗಳು ಕಾಲಿನ ಒಳಗೆ ಡಿಕ್ಕಿ ಹೊಡೆಯದಂತೆ ಒಂದರ ಎತ್ತರ ಸ್ವಲ್ಪ ಹೆಚ್ಚು, ಇನ್ನೊಂದರದು ಕಡಿಮೆ ಇಡಿ.

ಚೌಕಟ್ಟು ಸೊಟ್ಟ ಇದ್ದರೆ ಆಮೇಲೆ ಏನು ಮಾಡಿದರೂ ಸರಿ ಹೋಗುವುದಿಲ್ಲ. ಮೂಲೆಮಟ್ಟ ಹಿಡಿದು ನೋಡಿದ್ದು ಸಾಲದು, ಅಷ್ಟು ದೊಡ್ಡ ಚೌಕಟ್ಟಿಗೆ ಮೂಲೆಯಲ್ಲಿ ಕೂದಲೆಳೆ ತಪ್ಪಿದರೆ ತುದಿಯಲ್ಲಿ ಬೆರಳಗಲ ತಪ್ಪುತ್ತದೆ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಬಂದರೆ ಚೌಕ ಸರಿ ಇದೆ. ನಾನು ಕಾಲುಗಳ ಹೊರಮೂಲೆಯ ಅಳತೆಯನ್ನು ಬೇಕಂತಲೇ 48 ಇಂಚು, 20 ಇಂಚು ಇಟ್ಟುಕೊಂಡೆ. ಆಗ ಕರ್ಣ ಸರಿಯಾಗಿ 52 ಇಂಚು ಬರಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮೊದಲ ಸಲ ಒಂದು ಕಡೆ 52 ಕಾಲು, ಇನ್ನೊಂದು ಕಡೆ 51 ಮುಕ್ಕಾಲು ಬಂತು. ಬೋಲ್ಟು ಸಡಿಲ ಮಾಡಿ, ಉದ್ದ ಇರುವ ಕರ್ಣದ ಮೂಲೆಗೆ ಕೊಡತಿಯಿಂದ ಮೆಲ್ಲಗೆ ಎರಡು ಪೆಟ್ಟು ಕೊಟ್ಟೆ. ಎರಡೂ 52 ಬಂದ ಮೇಲೆ ಬಿಗಿದೆ.

ಮೇಲ್ಭಾಗವನ್ನು ಬೇರೆಯಾಗಿಯೇ, ತಲೆಕೆಳಗಾಗಿ ಕಟ್ಟಬೇಕು. ಜಗಲಿ ಮೇಲೆ ಏಳೂ ಹಲಗೆ ಬೋರಲು ಹಾಸಿ, ನಡುವೆ ಕಾಲು ಇಂಚಿನ ಪ್ಲೈ ತುಂಡುಗಳನ್ನು ಸಿಕ್ಕಿಸಿ ಸಂದಿ ಸಮ ಮಾಡಿಕೊಂಡೆ. ಮೇಲಿನಿಂದ ಮೂರು ಅಡ್ಡಪಟ್ಟಿ ಇಟ್ಟು, ಒಂದೊಂದು ಹಲಗೆಗೆ ಒಂದೊಂದು ಪಟ್ಟಿಯಲ್ಲಿ ಎರಡೆರಡು ಸ್ಕ್ರೂ. ನಲವತ್ತೆರಡು ಸ್ಕ್ರೂ, ಎಲ್ಲವೂ ಕೆಳಗಿನಿಂದ. ಎರಡು ಇಂಚಿನ ಸ್ಕ್ರೂ ಒಂದೂಕಾಲು ಇಂಚಿನ ಪಟ್ಟಿ ದಾಟಿ ಹಲಗೆಯೊಳಗೆ ಮುಕ್ಕಾಲು ಇಂಚು ಹೋಗುತ್ತದೆ, ಮೇಲೆ ಹೊರಬರುವುದಿಲ್ಲ. ಮೇಲಿನಿಂದ ಹೊಡೆದರೆ ಕೆಲಸ ಸುಲಭ ನಿಜ. ಆದರೆ ಪ್ರತಿ ಸ್ಕ್ರೂ ತಲೆಯೂ ನೀರು ನಿಲ್ಲುವ ಒಂದು ಪುಟ್ಟ ಗುಂಡಿ. ನಲವತ್ತೆರಡು ಗುಂಡಿ ಯಾಕೆ ಬೇಕು?

ಆಚಾರ್ರು ಹೇಳಿದ ಜಾಗ ಬಿಡುವ ವಿಷಯ ಬರುವುದು ಇಲ್ಲಿ. ಎರಡು ಸ್ಕ್ರೂಗಳಲ್ಲಿ ಒಂದಕ್ಕೆ ಅಡ್ಡಪಟ್ಟಿಯಲ್ಲಿ ಗುಂಡನೆಯ ತೂತು. ಇನ್ನೊಂದಕ್ಕೆ ಪಕ್ಕಪಕ್ಕ ಮೂರು ತೂತು ಕೊರೆದು ಉಳಿಯಿಂದ ಸೇರಿಸಿ ಉದ್ದನೆಯ ಸೀಳು ಮಾಡಿ, ವಾಷರ್ ಹಾಕಿ ಸ್ಕ್ರೂ ಬಿಗಿಯಬೇಕು. ಮಳೆಗಾಲದಲ್ಲಿ ಹಲಗೆ ಉಬ್ಬಿದಾಗ ಆ ಸ್ಕ್ರೂ ಸೀಳಿನಲ್ಲಿ ಜರುಗುತ್ತದೆ, ಮರ ಸೀಳುವುದಿಲ್ಲ. ಇಪ್ಪತ್ತೊಂದು ಸೀಳು ಮಾಡುವುದು ಬೇಸರದ ಕೆಲಸ, ಎರಡು ಸಂಜೆ ಹಿಡಿಯಿತು. ಬಿಡಬೇಡಿ. ಹಲಗೆಗೂ ಮೊದಲೇ ಮೂರು ಮಿಲಿಮೀಟರ್ ತೂತು ಹಾಕಿಕೊಳ್ಳಿ, ಹಲಗೆಯ ತುದಿಯಲ್ಲಂತೂ ತೂತಿಲ್ಲದೆ ಸ್ಕ್ರೂ ತಿರುಗಿಸಿದರೆ ಸೀಳಿಯೇ ತೀರುತ್ತದೆ.

ಸ್ಕ್ರೂ, ಬೋಲ್ಟು ಎಲ್ಲ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, 304 ದರ್ಜೆಯದು. ಕರಾವಳಿಯವರು, ಸಮುದ್ರದ ಗಾಳಿ ಬರುವ ಮನೆಯವರು 316 ಕೇಳಿ. ಕಬ್ಬಿಣದ್ದು ಅಗ್ಗ, ಆದರೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಸುತ್ತಲ ಮರವನ್ನೂ ಕಪ್ಪು ಮಾಡುತ್ತದೆ. ಆಮೇಲೆ ಬಿಚ್ಚೋಣ ಅಂದರೆ ತಲೆ ಮುರಿದು ಕೈಗೆ ಬರುತ್ತದೆ. ನನಗೆ ಸ್ಕ್ರೂ, ಬೋಲ್ಟು, ಎಣ್ಣೆ, ಉಪ್ಪುಕಾಗದ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು.

ತಯಾರಾದ ಮೇಲ್ಭಾಗವನ್ನು ತಿರುಗಿಸಿ ಚೌಕಟ್ಟಿನ ಮೇಲಿಟ್ಟು, ಒಳಗಿನಿಂದ ಆರು ಎಲ್ ಪಟ್ಟಿ ಹಾಕಿದೆ. ಅವನ್ನು ಬಿಚ್ಚಿದರೆ ಮೇಜು ಎರಡು ತುಂಡಾಗುತ್ತದೆ, ಇಬ್ಬರು ಆರಾಮಾಗಿ ಎತ್ತಿಕೊಂಡು ಹೋಗಬಹುದು. ಹಲಗೆಯ ಮೇಲಿನ ಅಂಚುಗಳ ಚೂಪನ್ನು ಕೀಸುಳಿಯಿಂದ ಸ್ವಲ್ಪ ಹೊಡೆದೆ, ಕೈಗೂ ಹಿತ, ನೀರೂ ಸಂದಿಗೆ ಬೇಗ ಇಳಿಯುತ್ತದೆ. ಉಪ್ಪುಕಾಗದ 80, ಆಮೇಲೆ 120, ಅಲ್ಲಿಗೆ ನಿಲ್ಲಿಸಿದೆ. ಹೊರಗಿಡುವ ಮೇಜಿಗೆ ಅದಕ್ಕಿಂತ ನುಣುಪು ಬೇಕಿಲ್ಲ.

ಇನ್ನು ಕಾಲಿನ ಬುಡ. ಇಡೀ ಮೇಜಿನಲ್ಲಿ ಹೆಚ್ಚು ಜೋಪಾನ ಮಾಡಬೇಕಾದ ಜಾಗ ಇದೇ. ಮರದ ತುದಿಯೆಂದರೆ ಸಣ್ಣ ಸಣ್ಣ ಕೊಳವೆಗಳ ಕಟ್ಟು, ಒದ್ದೆ ನೆಲದ ಮೇಲಿಟ್ಟರೆ ನೀರನ್ನು ಮೇಲೆ ಎಳೆದುಕೊಳ್ಳುತ್ತದೆ. ನಮ್ಮ ಕಡೆ ಹಿಂದಿನಿಂದ ಜಂತಿ, ಪಕಾಸಿಗೆ ಗೇರೆಣ್ಣೆ ಬಳಿಯುವುದುಂಟು, ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ. ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಒಂದು ತಗಡಿನ ಡಬ್ಬಿಯಲ್ಲಿ ಎರಡು ಇಂಚು ಗೇರೆಣ್ಣೆ ಹಾಕಿ ಒಂದೊಂದು ಕಾಲನ್ನು ಒಂದೊಂದು ರಾತ್ರಿ ಅದರಲ್ಲಿ ನಿಲ್ಲಿಸಿದೆ. ಹುಷಾರು, ಇದು ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ. ದಪ್ಪ ರಬ್ಬರ್ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಮಕ್ಕಳಿಂದ ದೂರ ಇಡಿ, ಮೇಜಿನ ಮೇಲ್ಭಾಗಕ್ಕಂತೂ ಹಚ್ಚಲೇಬೇಡಿ. ಅಂಗಳದಲ್ಲಿ ಪ್ರತಿ ಕಾಲಿನ ಅಡಿಗೂ ಅಡಿಗೆಮನೆ ಕಟ್ಟೆಯಿಂದ ಉಳಿದ ಕಡಪಾ ಕಲ್ಲಿನ ತುಂಡು ಇಟ್ಟೆ. ಜಂಬಿಟ್ಟಿಗೆ ತುಂಡು ಇಡಬೇಡಿ, ಅದು ತಾನೇ ನೀರು ಕುಡಿದುಕೊಂಡು ಕೂರುತ್ತದೆ.

ಮೇಲ್ಭಾಗಕ್ಕೆ ಮೊದಲ ವರ್ಷ ಅಗಸೆ ಎಣ್ಣೆ ಹಚ್ಚಿದೆ, ಸ್ವಲ್ಪ ಟರ್ಪೆಂಟೈನ್ ಬೆರೆಸಿ. ಹಳದಿ ಮರ ಜೇನುತುಪ್ಪದ ಬಣ್ಣಕ್ಕೆ ಬಂತು, ನೋಡೋಕೆ ಎರಡು ಕಣ್ಣು ಸಾಲದು. ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ತಂತಿ ಮೇಲೆ ಒಣಹಾಕಿ, ಇಲ್ಲಾ ನೀರಲ್ಲಿ ನೆನೆಸಿಡಿ.

ಆದರೆ ಆ ಜೇನುತುಪ್ಪದ ಬಣ್ಣ ಜುಲೈ ತನಕ ಮಾತ್ರ. ನಮ್ಮ ಥಂಡಿಗೆ ಎಣ್ಣೆ ಮೇಲೆಯೇ ಬೂಷ್ಟು ಬಂದು ಕಪ್ಪು ಚುಕ್ಕೆ ಎದ್ದವು. ವಾಷಿಂಗ್ ಸೋಡಾ ನೀರು ಹಾಕಿ ತೆಂಗಿನ ನಾರಿನ ಬ್ರಷ್‌ನಲ್ಲಿ ಉಜ್ಜಿ ತೆಗೆದೆ. ಮುಂದಿನ ವರ್ಷ ಏನೂ ಹಚ್ಚಲಿಲ್ಲ. ಮರ ಈಗ ಬೂದು ಬಣ್ಣಕ್ಕೆ ತಿರುಗಿದೆ, ಹಳೇ ದೋಣಿ ಹಲಗೆ ಇರುತ್ತದಲ್ಲ, ಹಾಗೆ. ಗಟ್ಟಿತನಕ್ಕೆ ಏನೂ ಆಗಿಲ್ಲ, ಬೂದು ಇರುವುದು ಮೇಲಿನ ಒಂದು ಪದರ ಮಾತ್ರ, ಉಗುರಿನಲ್ಲಿ ಕೆರೆದರೆ ಒಳಗೆ ಅದೇ ಕಂದು ಹಳದಿ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇರುವವರಿಗೆ ನನ್ನ ಸಲಹೆ ಇಷ್ಟೇ: ಒಳ್ಳೆ ಮರವಾದರೆ ಮೇಲ್ಭಾಗವನ್ನು ಹಾಗೇ ಬಿಡಿ. ಬಣ್ಣ ಉಳಿಸಿಕೊಳ್ಳೋಕೆ ಹೋದರೆ ಪ್ರತಿ ವರ್ಷ ಅದೇ ಕೆಲಸ.

ಬೆಂಗಳೂರಿನ ಗೆಳೆಯರು ಟೆರೇಸಿಗೆ ಪ್ಯಾಲೆಟ್ ಮರದಲ್ಲಿ ಮಾಡಬಹುದಾ ಅಂತ ಕೇಳುತ್ತಾರೆ. ಮಾಡಬಹುದು. ಪ್ಯಾಲೆಟ್ ಮೇಲೆ ಒತ್ತಿದ ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಬಿಸಿ ಕೊಟ್ಟು ಹುಳ ಸಾಯಿಸಿದ್ದು, ತನ್ನಿ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಕೊಟ್ಟಿದ್ದು, ಬೇಡ. ಸಾಮಾನ್ಯವಾಗಿ ಪೈನ್ ಇರುತ್ತದೆ, ಮಳೆಗೆ ತಡೆಯುವ ಮರ ಅಲ್ಲ, ಶೀಟಿನ ಕೆಳಗೆ ಇಟ್ಟುಕೊಳ್ಳಿ.

ಸಂದಿಯ ವಿಷಯ ನಾನು ಅಳೆದೇ ನೋಡಿದೆ. ಮಾರ್ಚ್‌ನಲ್ಲಿ ಆರು ಮಿಲಿಮೀಟರ್ ಇದ್ದ ಸಂದಿ ಜುಲೈ ಕೊನೆಗೆ ನಾಲ್ಕಕ್ಕೆ ಬಂತು. ಡಿಸೆಂಬರಿನಲ್ಲಿ ಮತ್ತೆ ಐದು ದಾಟಿತು. ಹಲಗೆ ಒಂದೊಂದೂ ಎರಡು ಮಿಲಿಮೀಟರ್ ಉಬ್ಬಿದೆ ಅಂದರೆ ಏಳು ಹಲಗೆ ಸೇರಿ ಹದಿನಾಲ್ಕು, ಅರ್ಧ ಇಂಚಿಗೂ ಜಾಸ್ತಿ. ನನ್ನ ಹಳೇ ಮೇಜು ಈ ಅರ್ಧ ಇಂಚನ್ನು ಎಲ್ಲಿಗೆ ಕಳಿಸಬೇಕಿತ್ತು ಹೇಳಿ.

ಮೇಜು ಈಗ ನಿಂತಿರುವುದು ಹಲಸಿನ ಮರ ಇದ್ದ ಜಾಗದಿಂದ ನಾಲ್ಕು ಹೆಜ್ಜೆ ಈಚೆ. ಕಳೆದ ಏಪ್ರಿಲ್‌ನಲ್ಲಿ ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಇಬ್ಬರು ಅದರ ಸುತ್ತ ನಿಂತು ಹಪ್ಪಳಕ್ಕೆ ಹಲಸಿನಕಾಯಿ ಬಿಡಿಸಿದರು. ನೆಲದ ಮೇಲೆ ಕೂತು ಬಿಡಿಸುವುದು ಅಮ್ಮನ ಮಂಡಿಗೆ ಈಗ ಆಗುವುದಿಲ್ಲ. ಕಾಯಿ ಮಾತ್ರ ಬೇರೆಯವರ ತೋಟದ್ದು. ಮೇಣ ಹತ್ತಬಾರದು ಅಂತ ಅಮ್ಮ ಕೆಲಸ ಶುರು ಮಾಡುವ ಮೊದಲು ಕೈಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆಯನ್ನೇ ಹಲಗೆಗೂ ಸವರಿದಳು. ಆದರೂ ಮೂರನೇ ಹಲಗೆಯಲ್ಲಿ ಒಂದು ಅಂಗೈಯಗಲ ಮೇಣದ ಕಲೆ ಕೂತಿದೆ, ಮಳೆಗಾಲವಿಡೀ ಮಳೆ ಹೊಡೆದರೂ ಹೋಗಿಲ್ಲ. ಕೀಸಿ ತೆಗೆಯಲಾ ಅಂತ ಕೇಳಿದೆ. ಬೇಡ ಅಂದಳು.

ಅಟ್ಟದಲ್ಲಿ ಇನ್ನೂ ನಾಲ್ಕು ಹಲಗೆ, ಮೂರು ಕಾಲಿನ ತುಂಡು ಇವೆ. ಬೆಂಚಿಗೆ ಇನ್ನೊಂದು ತುಂಡು ಬೇಕು, ಆಚಾರ್ರ ಹತ್ತಿರ ಕೇಳಿದ್ದೇನೆ.